ಗುಪ್ತರೋಗಗಳೂ ನಮ್ಮ ಮೌನವೂ

(ಶಿಕ್ಷಕರೂ ನಾಗರಿಕರೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಎತ್ತಿಕೊಂಡಿರುವ ವಿಷಯವು ನಮ್ಮ ಸಭೆಗಳಲ್ಲಿ ಕಿವಿಗೆ ಬೀಳುವದು ಅಪರೂಪ. ಕ್ಷಯವನ್ನು ಕುರಿತು, ಮಲೇರಿಯವನ್ನು ಕುರಿತು, ಬಾಣಂತಿಯ ಆರೈಕೆಯನ್ನು ಕುರಿತು ಎಷ್ಟು ವ್ಯಾಖ್ಯಾನಗಳಾದರೂ ನಾವು ಆದರದಿಂದ ಕೇಳುತ್ತೇವೆ. ಆದರೆ ಸಂಸರ್ಗದಿಂದ ಹರಡಿ ಜನನೇಂದ್ರಿಯಗಳಲ್ಲಿ ಮೊಳೆಯುವ ರೋಗಗಳ ಹೆಸರನ್ನೆತ್ತಿದೊಡನೆ ಸಭ್ಯರು ಮುಖವನ್ನು ಆಚೆಗೆ ತಿರುಗಿಸುವರು. ಅವುಗಳಿಗೆ ನಾವಿಟ್ಟಿರುವ ಹೆಸರೇ ಗುಪ್ತರೋಗಗಳೆಂದು. ವಿಚಾರಿಸಿ ನೋಡಿದರೆ ಈ ರೋಗಗಳಲ್ಲಿ ಗುಪ್ತವಾದದ್ದೇನೂ ಇಲ್ಲ. ಇವುಗಳ ಕಾರಣ ಗೊತ್ತಾಗಿದೆ, ಲಕ್ಷಣಗಳು ಗೊತ್ತಾಗಿವೆ, ಪರೀಕ್ಷೆಯೂ ಉಂಟು, ಮದ್ದೂ ಉಂಟು. ಗುಪ್ತವಾಗಿ ಉಳಿದಿರುವದು ರೋಗಿಯ ಸಂಕಟವೊಂದೇ. ಅದನ್ನು ಹಾಗೆ ಅಡಗಿಸಿಟ್ಟವರು ನಾವು.

ಮಾತನಾಡದೆ ಇದ್ದರೆ ರೋಗವು ತಾನಾಗಿ ಅಳಿಯುವದಾಗಿದ್ದರೆ, ಇಷ್ಟು ಶತಮಾನಗಳ ಮೌನದ ಫಲವಾಗಿ ಅದು ಎಂದೋ ಅಳಿದುಹೋಗಬೇಕಾಗಿತ್ತು. ಹಾಗಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೦ರಲ್ಲಿ ಹದಿನೈದರಿಂದ ನಾಲ್ವತ್ತೊಂಬತ್ತು ವರುಷ ವಯಸ್ಸಿನವರಲ್ಲಿ, ಸಂಪೂರ್ಣವಾಗಿ ಗುಣವಾಗಬಲ್ಲ ನಾಲ್ಕೇ ನಾಲ್ಕು ಲೈಂಗಿಕ ರೋಗಗಳು ಹೊಸದಾಗಿ ತಗಲಿದ ಪ್ರಸಂಗಗಳು ೩೭ ಕೋಟಿ ೪೦ ಲಕ್ಷ. ಎಂದರೆ ದಿನವೊಂದಕ್ಕೆ ಹತ್ತು ಲಕ್ಷಕ್ಕೂ ಮಿಗಿಲು. ಗುಣವಾಗಬಲ್ಲ ರೋಗವು ಇಷ್ಟೊಂದು ಹಬ್ಬಿರುವದೇಕೆ? ಮದ್ದಿನ ಕೊರತೆಗಿಂತ ಮಾತಿನ ಕೊರತೆಯೇ ಇದಕ್ಕೆ ಹೆಚ್ಚಿನ ಕಾರಣವೆಂಬದನ್ನು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಈ ವರ್ಗದ ರೋಗಾಣುಗಳು ಮೂವತ್ತಕ್ಕೂ ಹೆಚ್ಚು. ಎಲ್ಲವನ್ನೂ ವರ್ಣಿಸಹೊರಟರೆ ಸಮಯ ಸಾಲದು. ಆದುದರಿಂದ ಇವುಗಳಲ್ಲಿ ಹಿರಿಯದೆನ್ನಬಹುದಾದ ಒಂದನ್ನು, ನಮ್ಮವರು ಫಿರಂಗಿರೋಗ, ಪರಂಗಿ ಹುಣ್ಣು, ಗರಮಿ ಎಂದು ಕರೆದ ಸಿಫಿಲಿಸ್ ರೋಗವನ್ನು, ವಿಸ್ತಾರವಾಗಿ ಹೇಳಿ, ಉಳಿದವುಗಳನ್ನು ಸಂಕ್ಷೇಪವಾಗಿ ಸೂಚಿಸುವೆನು.

ಹೆಸರಿನಲ್ಲಿ ಅಡಗಿದ ಕಥೆ

ಈ ರೋಗದ ಹೆಸರುಗಳೇ ಒಂದು ಪಾಠವನ್ನು ಕಲಿಸುತ್ತವೆ. ೧೪೯೫ರಲ್ಲಿ ಫ್ರಾನ್ಸಿನ ಅರಸನಾದ ಎಂಟನೆಯ ಚಾರ್ಲ್ಸನ ದಂಡು ಇಟಲಿಯ ನೇಪಲ್ಸ್ ನಗರವನ್ನು ಹೊಕ್ಕಾಗ ಈ ರೋಗವು ಯುರೋಪಿನಲ್ಲಿ ಸಾಂಕ್ರಾಮಿಕವಾಗಿ ತಲೆಯೆತ್ತಿತು. ಊರುಗಳಿಗೆ ಹಿಂದಿರುಗಿದ ಸಿಪಾಯಿಗಳು ಅದನ್ನು ಖಂಡದ ತುಂಬ ಚೆಲ್ಲಿದರು. ಇಟಲಿಯವರು ಇದನ್ನು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ರಷ್ಯದವರು ಪೋಲೆಂಡಿನ ರೋಗವೆಂದರು. ತುರ್ಕರು ಕ್ರೈಸ್ತರ ರೋಗವೆಂದರು. ೧೪೯೮ರಲ್ಲಿ ಪೋರ್ತುಗೀಜರ ಹಡಗುಗಳು ಮಲಬಾರದ ಕರೆಯನ್ನು ಮುಟ್ಟಿದವು. ೧೫೧೦ರಲ್ಲಿ ಗೋವೆಯು ಅವರ ಕೈಸೇರಿತು. ನಮ್ಮ ಪ್ರಾಚೀನ ಸುಶ್ರುತಸಂಹಿತೆಯಲ್ಲಿ ಉಪದಂಶವೆಂಬ ಹೆಸರಿನಿಂದ ಜನನೇಂದ್ರಿಯದ ವ್ರಣಗಳ ವರ್ಣನೆ ಇದ್ದೇ ಇದೆ. ಆದರೆ ಹದಿನಾರನೆಯ ಶತಮಾನದಲ್ಲಿ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಈ ಹೊಸ ರೋಗವನ್ನು ಬೇರೆಯಾಗಿ ವಿಂಗಡಿಸಿ, ಫಿರಂಗಿಯವರ ಸಂಸರ್ಗದಿಂದ ಬಂದುದೆಂದು ಹೇಳಿ, ಫಿರಂಗವೆಂದು ಹೆಸರಿಟ್ಟನು. ಇದು ಮೊದಲು ಯಾವ ನೆಲದಲ್ಲಿ ಹುಟ್ಟಿತೆಂಬ ಚರ್ಚೆಯು ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಎಲ್ಲ ದೇಶದವರೂ ಒಟ್ಟಾಗಿ ಒಂದೇ ಕೆಲಸವನ್ನು ಮಾಡಿದರೆಂಬುದು ಮಾತ್ರ ನಿಶ್ಚಯ: ರೋಗವನ್ನು ನೆರೆಯವನ ಮನೆಯದೆಂದು ತೋರಿಸಿ, ತಮ್ಮ ಮನೆಯ ಕದವನ್ನು ಮುಚ್ಚಿಕೊಂಡರು. ಮುಚ್ಚಿದ ಕದದ ಒಳಗೆಯೇ ರೋಗವಿತ್ತು.

ಸಿಫಿಲಿಸ್ ಎಂಬ ಹೆಸರು ಬಂದುದು ೧೫೩೦ರಲ್ಲಿ. ವೆರೋನಾ ನಗರದ ವೈದ್ಯನಾದ ಫ್ರಾಕಾಸ್ತೋರೊ ಬರೆದ ಲ್ಯಾಟಿನ್ ಕಾವ್ಯದಲ್ಲಿ ಸಿಫಿಲಸ್ ಎಂಬ ಕುರುಬನು ದೇವರನ್ನು ನಿಂದಿಸಿ ಶಾಪಕ್ಕೆ ಗುರಿಯಾಗಿ ಈ ರೋಗವನ್ನು ಪಡೆಯುವನು. ರೋಗವೆಂದರೆ ಶಾಪ, ರೋಗಿಯೆಂದರೆ ಪಾಪಿ ಎಂಬ ಭಾವನೆಯು ಹೆಸರಿನೊಡನೆಯೇ ಅಂಟಿಕೊಂಡು ಬಂದಿತು. ರೋಗಕ್ಕಿಂತ ಈ ಭಾವನೆಯನ್ನು ಕೀಳುವದು ಕಷ್ಟವಾಗಿದೆ.

ರೋಗಾಣುವೂ ಅದರ ನಡೆಯೂ

ಶಾಪದ ನಿಜವಾದ ರೂಪವು ೧೯೦೫ರಲ್ಲಿ ಬರ್ಲಿನ್ ನಗರದಲ್ಲಿ ಕಣ್ಣಿಗೆ ಬಿದ್ದಿತು. ಶೌಡಿನ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು ರೋಗಿಯ ವ್ರಣದ ದ್ರವದಲ್ಲಿ ತಿರುಪಿನಂತೆ ಸುತ್ತಿಕೊಂಡ ಅತಿ ಸೂಕ್ಷ್ಮವಾದ, ಬಿಳಿಚಿದ ಜೀವಾಣುವನ್ನು ಕಂಡರು. ಅದೇ ಟ್ರೆಪೊನೀಮ ಪ್ಯಾಲಿಡಮ್. ಈ ಜೀವಾಣುವಿಗೆ ನೀತಿ ಅನೀತಿಗಳ ಭೇದ ತಿಳಿಯದು. ಜಾತಿ, ಅಂತಸ್ತು, ವಿವಾಹಗಳನ್ನು ಅದು ಕೇಳುವದಿಲ್ಲ. ಒದ್ದೆಯಾದ ಮೃದುಚರ್ಮವೂ ಕಣ್ಣಿಗೆ ಕಾಣದಷ್ಟು ಸಣ್ಣ ಗೀರೂ ಸಿಕ್ಕರೆ ಅದಕ್ಕೆ ಸಾಕು. ಸ್ತ್ರೀಪುರುಷರ ಸಂಸರ್ಗದಿಂದ, ಪುರುಷರು ಪುರುಷರೊಡನೆ ನಡೆಸುವ ಸಂಸರ್ಗದಿಂದ, ಬಾಯಿಯ ಮೂಲಕ ನಡೆಯುವ ಸಂಸರ್ಗದಿಂದಲೂ ಅದು ದಾಟುತ್ತದೆ. ಗರ್ಭಿಣಿಯಿಂದ ಶಿಶುವಿಗೆ ದಾಟುತ್ತದೆ. ಅಪರೂಪವಾಗಿ ರಕ್ತದಿಂದಲೂ ದಾಟುತ್ತದೆ. ಶೌಚಕೂಪದಿಂದಾಗಲಿ, ಕೆರೆಯ ನೀರಿನಿಂದಾಗಲಿ, ಜೊತೆಯಲ್ಲಿ ಉಂಡುದರಿಂದಾಗಲಿ, ಬಟ್ಟೆಯಿಂದಾಗಲಿ ಬರುವದಿಲ್ಲ. ಶರೀರದ ಹೊರಗೆ ಅದು ಹೆಚ್ಚು ಕಾಲ ಬದುಕಲಾರದು.

ಇದರ ನಡೆಯಲ್ಲಿ ಒಂದು ವಂಚನೆಯುಂಟು. ಅದನ್ನು ಅರಿತವನು ಅರ್ಧ ರೋಗವನ್ನು ಗೆದ್ದಂತೆ. ರೋಗಾಣು ಹೊಕ್ಕ ಹತ್ತರಿಂದ ತೊಂಬತ್ತು ದಿನಗಳೊಳಗೆ, ಸಾಮಾನ್ಯವಾಗಿ ಮೂರು ವಾರಗಳಿಗೆ, ಹೊಕ್ಕ ಸ್ಥಳದಲ್ಲಿಯೇ ಒಂದು ಹುಣ್ಣು ಏಳುವದು. ಅದರ ಅಂಚು ಗಟ್ಟಿ, ತಳ ಶುಭ್ರ, ಬಹುಮಟ್ಟಿಗೆ ನೋವೇ ಇಲ್ಲ. ಸ್ತ್ರೀಯರಲ್ಲಿ ಅದು ಒಳಭಾಗದಲ್ಲಿ ಏಳುವದರಿಂದ ಎಷ್ಟೋ ವೇಳೆ ಅವರಿಗೆ ತಿಳಿಯುವದೇ ಇಲ್ಲ. ಮೂರರಿಂದ ಆರು ವಾರಗಳಲ್ಲಿ ಯಾವ ಮದ್ದೂ ಇಲ್ಲದೆ ಹುಣ್ಣು ಮಾಯುತ್ತದೆ. ರೋಗಿಯು ತಾನು ಹಚ್ಚಿದ ಲೇಪದಿಂದಲೋ, ಹೊತ್ತ ಹರಕೆಯಿಂದಲೋ, ನಾಟಿವೈದ್ಯನ ಗುಳಿಗೆಯಿಂದಲೋ ಗುಣವಾಯಿತೆಂದು ನಂಬುವನು. ಇದೇ ಆ ವಂಚನೆ. ಹುಣ್ಣು ಮಾಯಿತು; ರೋಗವು ರಕ್ತದಲ್ಲಿ ಇಳಿಯಿತು.

ಕೆಲವು ವಾರಗಳ ಅಥವಾ ತಿಂಗಳುಗಳ ಮೇಲೆ ಎರಡನೆಯ ಅವಸ್ಥೆಯು ತೋರುವದು. ಮೈಮೇಲೆ ತುರಿಕೆಯಿಲ್ಲದ ತಾಮ್ರವರ್ಣದ ಕಲೆಗಳು ಏಳುವವು. ಅಂಗೈ ಅಂಗಾಲುಗಳಲ್ಲಿ ಕಲೆಗಳು ಎದ್ದರೆ ಈ ರೋಗವನ್ನು ನೆನೆಯಲೇಬೇಕು. ಬಾಯಲ್ಲಿ ಬಿಳುಪಾದ ಹುಣ್ಣುಗಳು, ತಲೆಗೂದಲು ಅಲ್ಲಲ್ಲಿ ಉದುರುವದು, ಜ್ವರ, ಗಂಟಲು ನೋವು, ಅಲ್ಲಲ್ಲಿ ಗ್ರಂಥಿಗಳ ಬಾವು, ಜನನೇಂದ್ರಿಯದ ಸುತ್ತ ಚಪ್ಪಟೆಯಾದ ಒದ್ದೆ ಗುಳ್ಳೆಗಳು ಇವೂ ಕಾಣಿಸಿಕೊಳ್ಳಬಹುದು. ಈ ಕಾಲದಲ್ಲಿ ರೋಗವು ಬಹಳ ಸುಲಭವಾಗಿ ಇನ್ನೊಬ್ಬರಿಗೆ ತಗಲುತ್ತದೆ. ಇವೂ ತಾವಾಗಿ ಅಡಗುವವು. ಆಮೇಲೆ ವರುಷಗಟ್ಟಲೆ ರೋಗವು ಸುಪ್ತಾವಸ್ಥೆಯಲ್ಲಿರುವದು. ರಕ್ತದ ಪರೀಕ್ಷೆಯೊಂದಲ್ಲದೆ ಬೇರೆ ಕುರುಹೇ ಇರದು. ಉಪಚಾರ ಪಡೆಯದವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಜನರಿಗೆ ಹತ್ತರಿಂದ ಮೂವತ್ತು ವರುಷಗಳ ಮೇಲೆ ಅದು ಮತ್ತೆ ಎದ್ದು ಎಲುಬು ಚರ್ಮಗಳಲ್ಲಿ ಗಂಟುಗಳಾಗಿ, ಹೃದಯದ ಮಹಾಧಮನಿಯ ಉಬ್ಬಾಗಿ, ಕಾಲುಗಳ ತೂಕ ತಪ್ಪಿಸುವ ನರರೋಗವಾಗಿ, ಬುದ್ಧಿಭ್ರಮಣವಾಗಿ ಸೇಡು ತೀರಿಸಿಕೊಳ್ಳುವದು. ಕಣ್ಣು, ಕಿವಿ, ಮಿದುಳುಗಳಿಗೆ ಮಾತ್ರ ಯಾವ ಅವಸ್ಥೆಯಲ್ಲಾದರೂ ಪೆಟ್ಟು ತಗಲಬಹುದು. ಯೌವನದ ಒಂದು ಹುಣ್ಣಿಗೂ ಮುಪ್ಪಿನ ಹುಚ್ಚಿಗೂ ಸಂಬಂಧವಿದೆಯೆಂದು ಜನರು ಹೇಗೆ ತಿಳಿದಾರು? ೧೯೧೩ರಲ್ಲಿ ಜಪಾನದ ವಿಜ್ಞಾನಿ ನೊಗುಚಿಯು ಇಂಥ ಬುದ್ಧಿಭ್ರಮಣದಿಂದ ಸತ್ತವರ ಮಿದುಳಿನಲ್ಲಿ ಅದೇ ತಿರುಪಿನ ಜೀವಾಣುವನ್ನು ತೋರಿಸಿದ ಮೇಲೆಯೇ ಸಂಶಯವು ಹರಿಯಿತು.

ತಾಯಿಯೂ ಹುಟ್ಟಲಿರುವ ಮಗುವೂ

ಇಷ್ಟೇ ಆಗಿದ್ದರೆ, ಮಾಡಿದವನು ಉಂಡನೆಂದು ಹೇಳಿ ಕೈತೊಳೆದುಕೊಳ್ಳುವವರೂ ಇರಬಹುದಿತ್ತು. ಆದರೆ ತನ್ನ ಗಂಡನಲ್ಲದೆ ಬೇರೊಬ್ಬನನ್ನು ಅರಿಯದ ಗೃಹಿಣಿಯು ಮಾಡಿದ್ದೇನು? ಅವಳ ಹೊಟ್ಟೆಯಲ್ಲಿರುವ ಶಿಶು ಮಾಡಿದ್ದೇನು? ಗರ್ಭಿಣಿಯ ರಕ್ತದಲ್ಲಿರುವ ಈ ಜೀವಾಣುವು ಮಾಸನ್ನು ದಾಟಿ ಶಿಶುವನ್ನು ಹೊಗುತ್ತದೆ. ಗರ್ಭವು ಇಳಿದುಹೋಗಬಹುದು, ಮಗುವು ಸತ್ತೇ ಹುಟ್ಟಬಹುದು, ಹುಟ್ಟಿ ಕೆಲವು ದಿನಗಳಲ್ಲಿ ಸಾಯಬಹುದು. ಬದುಕಿದರೆ ಮೂಗು ಕಟ್ಟಿ ರಕ್ತ ಬೆರೆತ ಸಿಂಬಳ ಸುರಿಯುವದು, ಅಂಗೈ ಅಂಗಾಲುಗಳ ಚರ್ಮ ಸುಲಿಯುವದು, ಯಕೃತ್ತು ಊದಿಕೊಳ್ಳುವದು, ಎಲುಬಿನ ನೋವಿನಿಂದ ಕೈಕಾಲು ಅಲುಗಿಸದೆ ಇರುವದು ಇವು ಕಾಣಬಹುದು. ಹುಟ್ಟಿದಾಗ ಏನೂ ಕಾಣದ ಮಗುವಿನಲ್ಲಿ ವರುಷಗಳ ಮೇಲೆ ಹಲ್ಲುಗಳ ವಿಕಾರ, ಕಣ್ಣಿನ ಪಾಪೆಯ ಮಬ್ಬು, ಕಿವುಡುತನ ಇವು ಬರಬಹುದು.

ನಮ್ಮ ಮನೆಗಳಲ್ಲಿ ಮೇಲಿಂದ ಮೇಲೆ ಗರ್ಭ ಇಳಿದ ಸೊಸೆಯನ್ನು ಅಪಶಕುನಿಯೆಂದು ನೂಕಿದ ಕಥೆಗಳು ಎಷ್ಟಿಲ್ಲ! ಗ್ರಹಶಾಂತಿ ನಾಗಪ್ರತಿಷ್ಠೆಗಳಿಗೆ ಹಣವನ್ನು ಸುರಿದವರು, ಮಗನ ರಕ್ತವನ್ನೂ ಸೊಸೆಯ ರಕ್ತವನ್ನೂ ಒಮ್ಮೆ ಪರೀಕ್ಷಿಸೋಣವೆಂದು ಯೋಚಿಸಲಿಲ್ಲ. ಗರ್ಭಪಾತಕ್ಕೆ ಬೇರೆ ಕಾರಣಗಳೂ ಅನೇಕ ಉಂಟು. ಎಲ್ಲಕ್ಕೂ ಈ ರೋಗವೇ ಮೂಲವೆಂದು ನಾನು ಹೇಳುವದಿಲ್ಲ. ಆದರೆ ಕಾರಣಗಳಲ್ಲಿ ಇಷ್ಟು ಸುಲಭವಾಗಿ ಕಂಡುಹಿಡಿಯಬಹುದಾದದ್ದೂ ಇಷ್ಟು ಅಗ್ಗವಾಗಿ ನೀಗಬಹುದಾದದ್ದೂ ಮತ್ತೊಂದು ಇಲ್ಲ. ಗರ್ಭಿಣಿಯನ್ನು ಮೊದಲ ತಿಂಗಳುಗಳಲ್ಲಿಯೇ ಪರೀಕ್ಷಿಸಿ, ರೋಗವಿದ್ದರೆ ಹೆರಿಗೆಗೆ ನಾಲ್ಕು ವಾರಗಳಿಗಿಂತ ಮುಂಚೆ ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟರೆ ಶಿಶುವನ್ನು ಬಹುಪಾಲು ಉಳಿಸಿಕೊಳ್ಳಬಹುದು. ತಾಯಿಯಿಂದ ಮಗುವಿಗೆ ಎಚ್.ಐ.ವಿ.ಯೂ ಸಿಫಿಲಿಸ್ಸೂ ದಾಟುವದನ್ನು ನಿರ್ಮೂಲ ಮಾಡಿದ ಮೊದಲನೆಯ ದೇಶವೆಂದು ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಯೂಬವನ್ನು ಮಾನ್ಯಮಾಡಿತು. ೨೦೧೯ರಲ್ಲಿ ನಮ್ಮ ನೆರೆಯ ಶ್ರೀಲಂಕೆಯು ಆ ಕೀರ್ತಿಯನ್ನು ಪಡೆಯಿತು. ಅವು ಸಿರಿವಂತ ದೇಶಗಳೆಂದು ಯಾರೂ ಹೇಳಲಾರರು. ಪ್ರತಿಯೊಬ್ಬ ಗರ್ಭಿಣಿಯನ್ನೂ ನಾಚಿಕೆಪಡದೆ ಪರೀಕ್ಷಿಸಿದ್ದೇ ಅವರ ಸಿರಿ.

ಮೇಹವೂ ಬಂಜೆತನದ ಅಪವಾದವೂ

ಎರಡನೆಯ ರೋಗವು ಪೂಯಮೇಹ. ಇದನ್ನು ಜನರು ಬರಿದೆ ಮೇಹವೆಂದೂ ಕರೆಯುವದರಿಂದ ಮಧುಮೇಹದೊಡನೆ ಗೊಂದಲವಾಗುವದುಂಟು. ಇದಕ್ಕೂ ಸಿಫಿಲಿಸ್ಸಿಗೂ ಭೇದವನ್ನು ಕಾಣದೆ ವೈದ್ಯರೇ ಬಹುಕಾಲ ಕುರುಡಾಗಿದ್ದರು. ೧೭೬೭ರಲ್ಲಿ ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರನು ಪೂಯಮೇಹದ ಕೀವನ್ನು ಚುಚ್ಚಿ ನೋಡಿದ ಪ್ರಯೋಗದಿಂದ ಎರಡೂ ಒಂದೇ ರೋಗವೆಂದು ನಿರ್ಣಯಿಸಿದನು. ಕೀವನ್ನು ಕೊಟ್ಟ ರೋಗಿಯಲ್ಲಿ ಎರಡೂ ರೋಗಗಳಿದ್ದವೆಂದು ತೋರುತ್ತದೆ. ಪ್ಯಾರಿಸಿನ ರಿಕೋರನು ೧೮೩೮ರಲ್ಲಿ ಈ ತಪ್ಪನ್ನು ತಿದ್ದಿದನು. ೧೮೭೯ರಲ್ಲಿ ನೈಸರನು ಪೂಯಮೇಹದ ಜೋಡಿಕಾಳಿನಂಥ ರೋಗಾಣುವನ್ನು ಕಂಡನು.

ಪುರುಷನಿಗೆ ಸಂಸರ್ಗವಾದ ಎರಡರಿಂದ ಏಳು ದಿನಗಳಲ್ಲಿ ಮೂತ್ರದ ಉರಿಯೂ ಹಳದಿ ಕೀವೂ ತೋರುವವು, ಆತನು ಎಚ್ಚರಗೊಳ್ಳುವನು. ಸ್ತ್ರೀಯರಲ್ಲಿಯಾದರೋ ಅರ್ಧಕ್ಕೂ ಹೆಚ್ಚು ಮಂದಿಗೆ ಯಾವ ಲಕ್ಷಣವೂ ತೋರುವದಿಲ್ಲ. ಕ್ಲಮಿಡಿಯವೆಂಬ ಇನ್ನೊಂದು ರೋಗವು ಇದಕ್ಕಿಂತಲೂ ಮೌನವಾಗಿ ಇದೇ ದಾರಿಯಲ್ಲಿ ಬರುವದು. ಉಪಚಾರವಿಲ್ಲದಿದ್ದರೆ ಎರಡೂ ಮೇಲಕ್ಕೇರಿ ಗರ್ಭಾಶಯದ ನಾಳಗಳನ್ನು ಕೆಡಿಸಿ ಕಟ್ಟಿಹಾಕುವವು. ಕಿಬ್ಬೊಟ್ಟೆಯ ತೀರದ ನೋವು, ನಾಳದಲ್ಲಿಯೇ ಗರ್ಭ ನಿಂತು ಪ್ರಾಣಕ್ಕೆ ಬರುವ ಅಪಾಯ, ಕೊನೆಗೆ ಬಂಜೆತನ ಇವು ಫಲಗಳು. ಗಂಡನು ತಂದ ರೋಗದಿಂದ ಹೆಂಡತಿಯು ಬಂಜೆಯೆನಿಸಿಕೊಂಡು, ಅದೇ ಕಾರಣಕ್ಕಾಗಿ ಅವಳ ಮೇಲೆ ಸವತಿಯನ್ನು ತರುವದಕ್ಕಿಂತ ಹೆಚ್ಚಿನ ಅನ್ಯಾಯ ಯಾವದು? ಪೂಯಮೇಹವಿದ್ದ ತಾಯಿಗೆ ಹುಟ್ಟಿದ ಶಿಶುವಿನ ಕಣ್ಣಿಗೂ ಕೀವು ತಗಲಿ ಕುರುಡುತನ ಬರುವದುಂಟು. ೧೮೮೦ರಲ್ಲಿ ಲೈಪ್ಜಿಗ್ ನಗರದ ಕ್ರೆಡೆ ಎಂಬ ವೈದ್ಯನು ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿಯನ್ನು ಹಾಕುವ ಕ್ರಮವನ್ನು ಆರಂಭಿಸಿ ಅಸಂಖ್ಯ ಮಕ್ಕಳ ದೃಷ್ಟಿಯನ್ನು ಉಳಿಸಿದನು.

ಉಳಿದವುಗಳಲ್ಲಿ ಟ್ರೈಕೊಮೊನಾಸ್ ಎಂಬ ಪರೋಪಜೀವಿಯಿಂದ ಬರುವ ಸ್ರಾವವು ಗುಳಿಗೆಗಳಿಂದ ಗುಣವಾಗುವದು. ನೋಯುವ ನೀರ್ಗುಳ್ಳೆಗಳಾಗಿ ಮರಮರಳಿ ಬರುವ ಹರ್ಪೀಸ್ ರೋಗವನ್ನು ಹತೋಟಿಯಲ್ಲಿಡಬಹುದು, ಬೇರುಸಹಿತ ಕೀಳಲಾಗದು. ಎಚ್.ಐ.ವಿ.ಯನ್ನು ನಮ್ಮ ದೇಶದಲ್ಲಿ ಮೊದಲು ಗುರುತಿಸಿದ್ದು ೧೯೮೬ರಲ್ಲಿ, ಮದರಾಸಿನಲ್ಲಿ. ೨೦೦೪ರಿಂದ ಸರಕಾರವು ಅದಕ್ಕೆ ಧರ್ಮಾರ್ಥವಾಗಿ ಔಷಧ ಕೊಡುತ್ತಿದೆ. ನಿತ್ಯವೂ ತಪ್ಪದೆ ಔಷಧವನ್ನು ಸೇವಿಸಿ ರಕ್ತದಲ್ಲಿ ವೈರಾಣುವು ಎಣಿಕೆಗೆ ಸಿಗದಷ್ಟು ಇಳಿದವರು ದೀರ್ಘಾಯುಗಳಾಗಿ ಬಾಳುವರು, ಸಂಸರ್ಗದಿಂದ ಇನ್ನೊಬ್ಬರಿಗೆ ಅದನ್ನು ದಾಟಿಸುವದೂ ಇಲ್ಲ. ಜನನೇಂದ್ರಿಯದಲ್ಲಿ ಹುಣ್ಣಿದ್ದರೆ ಎಚ್.ಐ.ವಿ.ಯು ಸುಲಭವಾಗಿ ಹೊಗುವದರಿಂದ ಸಿಫಿಲಿಸ್ಸನ್ನು ವಾಸಿಮಾಡುವದೆಂದರೆ ಎರಡು ಬಾಗಿಲುಗಳನ್ನು ಒಮ್ಮೆಗೇ ಮುಚ್ಚಿದಂತೆ. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ರೋಗಕ್ಕೂ ಗರ್ಭಕೊರಳಿನ ಕ್ಯಾನ್ಸರಿಗೆ ಮೂಲವಾದ ಎಚ್.ಪಿ.ವಿ. ವೈರಾಣುವಿಗೂ ಮುಂಚಿತವಾಗಿಯೇ ಹಾಕಿಸಬಹುದಾದ ಲಸಿಕೆಗಳಿವೆ.

ಪಾದರಸದಿಂದ ಪೆನಿಸಿಲಿನ್‌ವರೆಗೆ

ಸಿಫಿಲಿಸ್ಸಿನ ಚಿಕಿತ್ಸೆಯ ಇತಿಹಾಸವನ್ನು ತಿಳಿದರೆ ಇಂದಿನ ನಮ್ಮ ಭಾಗ್ಯವು ಎಷ್ಟೆಂಬದು ತಿಳಿದೀತು. ಸುಮಾರು ನಾಲ್ಕು ಶತಮಾನಗಳ ವರೆಗೆ ಪಾದರಸವೇ ಮುಖ್ಯ ಮದ್ದು. ಭಾವಮಿಶ್ರನು ರಸಕರ್ಪೂರವನ್ನೂ ಚೀನದಿಂದ ಬಂದ ಚೋಪಚೀನಿ ಬೇರನ್ನೂ ಹೇಳಿದನು. ಯುರೋಪಿನವರೂ ಪಾದರಸವನ್ನು ಮೈಗೆ ಬಳಿದು ಹೊಗೆ ಹಾಕಿದರು. ರೋಗಿಗಳ ಬಾಯಿಂದ ಜೊಲ್ಲು ಸುರಿದು, ವಸಡು ಕೊಳೆತು, ಹಲ್ಲುಗಳು ಉದುರಿದವು. ೧೯೦೯ರಲ್ಲಿ ಜರ್ಮನಿಯ ಎರ್ಲಿಕ್ ಮತ್ತು ಆತನ ಜಪಾನೀ ಸಹಾಯಕ ಹಾತಾ ಇವರು ತಾವು ಪರೀಕ್ಷಿಸುತ್ತಿದ್ದ ಪದಾರ್ಥಗಳಲ್ಲಿ ೬೦೬ನೆಯದನ್ನು ಫಲಕಾರಿಯೆಂದು ಕಂಡರು. ಅದು ಪಾಷಾಣದಿಂದ ಮಾಡಿದ ಮದ್ದು, ಹೆಸರು ಸಾಲ್ವರ್ಸಾನ್, ೧೯೧೦ರಲ್ಲಿ ಪೇಟೆಗೆ ಬಂದಿತು. ೧೯೧೭ರಲ್ಲಿ ವಿಯೆನ್ನಾದ ವಾಗ್ನರ್ ಯಾರೆಗ್‌ನು ಬುದ್ಧಿಭ್ರಮಣದ ರೋಗಿಗಳಿಗೆ ಬೇಕೆಂದೇ ಮಲೇರಿಯ ಜ್ವರವನ್ನು ಬರಿಸಿ ಆ ತಾಪದಿಂದ ರೋಗಾಣುವನ್ನು ಕೊಲ್ಲಲು ಯತ್ನಿಸಿದನು. ಆತನಿಗೆ ೧೯೨೭ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಒಂದು ರೋಗವನ್ನು ಕಳೆಯಲು ಇನ್ನೊಂದನ್ನು ತಂದುಕೊಳ್ಳುವಷ್ಟು ಹತಾಶೆ ಅಂದಿನದು!

೧೯೨೮ರಲ್ಲಿ ಫ್ಲೆಮಿಂಗನು ಕಂಡ ಪೆನಿಸಿಲಿನ್ನನ್ನು ೧೯೪೩ರಲ್ಲಿ ಅಮೇರಿಕೆಯ ವೈದ್ಯ ಮಹೋನಿ ಮತ್ತು ಸಂಗಡಿಗರು ನಾಲ್ವರು ಸಿಫಿಲಿಸ್ ರೋಗಿಗಳಿಗೆ ಕೊಟ್ಟು ನೋಡಿದರು. ನಾಲ್ವರ ಹುಣ್ಣುಗಳಿಂದಲೂ ರೋಗಾಣುವು ಮಾಯವಾಯಿತು. ಅಂದಿನಿಂದ ಇಂದಿನವರೆಗೂ ಈ ಜೀವಾಣುವು ಪೆನಿಸಿಲಿನ್ನಿಗೆ ಎದುರುನಿಲ್ಲಲು ಕಲಿತಿಲ್ಲ. ಆರಂಭದ ಅವಸ್ಥೆಯಲ್ಲಿ ಬೆಂಜಥೀನ್ ಪೆನಿಸಿಲಿನ್ನಿನ ೨೪ ಲಕ್ಷ ಯೂನಿಟ್‌ಗಳನ್ನು ಒಂದೇ ಸಲ ಮಾಂಸಖಂಡದಲ್ಲಿ ಚುಚ್ಚಿದರೆ ಸಾಕು. ರೋಗವು ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು ಸಲ ಬೇಕು. ಮಿದುಳಿಗೆ ಇಳಿದಿದ್ದರೆ ದವಾಖಾನೆಯಲ್ಲಿಯೇ ಹತ್ತರಿಂದ ಹದಿನಾಲ್ಕು ದಿನ ರಕ್ತನಾಳದ ಮೂಲಕ ಕೊಡಬೇಕಾಗುವದು. ಪೆನಿಸಿಲಿನ್ ಒಗ್ಗದವರಿಗೆ ಡಾಕ್ಸಿಸೈಕ್ಲಿನ್ ಮೊದಲಾದ ಬದಲುಗಳುಂಟು. ಆದರೆ ಗರ್ಭಿಣಿಯರಿಗೆ ಪೆನಿಸಿಲಿನ್ನೇ ಗತಿ, ಅದನ್ನು ಒಗ್ಗಿಸುವ ಕ್ರಮವನ್ನು ವೈದ್ಯರು ಬಲ್ಲರು. ಮದ್ದು ಚುಚ್ಚಿದ ದಿನವೇ ಜ್ವರ ನಡುಕಗಳು ಬಂದರೆ ಅಂಜಬೇಕಾದುದಿಲ್ಲ. ರೋಗಾಣುಗಳು ಸಾಯುವಾಗ ಹಾಗಾಗುವದು, ಒಂದು ದಿನದಲ್ಲಿ ಇಳಿಯುವದು. ಆದರೂ ವೈದ್ಯರಿಗೆ ತಿಳಿಸಬೇಕು.

ಮೂರು ಮಾತುಗಳನ್ನು ನೆನಪಿಡಬೇಕು. ಮೊದಲನೆಯದು: ರೋಗಾಣು ಸತ್ತರೂ ಅದು ಕೆಡಿಸಿದ ಹೃದಯ ನರಗಳು ಮೊದಲಿನಂತಾಗಲಾರವು, ಆದುದರಿಂದ ತಡವೇ ಶತ್ರು. ಎರಡನೆಯದು: ಒಮ್ಮೆ ಬಂದು ಹೋದರೆ ಮತ್ತೆ ಬಾರದೆಂಬ ರಕ್ಷಣೆ ಇದಕ್ಕಿಲ್ಲ, ಗಂಡನಿಗೆ ಮಾತ್ರ ಮದ್ದು ಕೊಟ್ಟು ಹೆಂಡತಿಯನ್ನು ಬಿಟ್ಟರೆ ರೋಗವು ಇಬ್ಬರ ನಡುವೆ ಚೆಂಡಿನಂತೆ ಆಡುತ್ತಿರುವದು. ಮೂರನೆಯದು: ಆರು ತಿಂಗಳಿಗೂ ವರುಷಕ್ಕೂ ರಕ್ತವನ್ನು ಮತ್ತೆ ಪರೀಕ್ಷಿಸಿ ಗುಣವಾದುದನ್ನು ಖಚಿತಪಡಿಸಿಕೊಳ್ಳಬೇಕು. ಪರೀಕ್ಷೆಯೂ ಸುಲಭ. ೧೯೦೬ರಲ್ಲಿ ವಾಸರ್ಮನ್ನನು ಆರಂಭಿಸಿದ ರಕ್ತಪರೀಕ್ಷೆಯು ಇಂದು ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಕೆಲವೇ ನಿಮಿಷಗಳಲ್ಲಿ ಹೇಳುವಷ್ಟು ಸರಳವಾಗಿದೆ. ಹುಣ್ಣು ಎದ್ದ ಹೊಸತರಲ್ಲಿ ಮಾತ್ರ ಪರೀಕ್ಷೆಯು ರೋಗವಿಲ್ಲವೆಂದು ತೋರಿಸಬಹುದಾದುದರಿಂದ ವೈದ್ಯರು ಹೇಳಿದರೆ ಎರಡನೆಯ ಸಲವೂ ಹೋಗಬೇಕು.

ಪೂಯಮೇಹದ ಕಥೆಯು ಬೇರೆ. ಅದರ ರೋಗಾಣುವು ಸಲ್ಫಾ ಗುಳಿಗೆಗಳನ್ನು, ಪೆನಿಸಿಲಿನ್ನನ್ನು, ಟೆಟ್ರಾಸೈಕ್ಲಿನ್ನನ್ನು, ಆಮೇಲೆ ಬಂದ ಸಿಪ್ರೊಫ್ಲಾಕ್ಸಸಿನ್ನನ್ನು ಒಂದರ ಮೇಲೊಂದರಂತೆ ಜೀರ್ಣಿಸಿಕೊಂಡಿದೆ. ಇಂದು ಸೆಫ್ಟ್ರಿಯಾಕ್ಸೋನ್ ಮೊದಲಾದ ಒಂದೆರಡು ಮದ್ದುಗಳೇ ಆಧಾರ. ಅಂಗಡಿಯವನನ್ನು ಕೇಳಿ ಎರಡು ಗುಳಿಗೆಗಳನ್ನು ನುಂಗಿ ಉಳಿದುದನ್ನು ಬಿಸುಟುವವನು ತನಗಷ್ಟೇ ಅಲ್ಲ, ಊರಿಗೇ ಕೇಡು ಬಗೆಯುವನು.

ಉಷ್ಣವೆಂಬ ಭ್ರಮೆ

ಗರಮಿ ಎಂದರೆ ಉಷ್ಣ. ಉಷ್ಣಪದಾರ್ಥ ತಿಂದುದರಿಂದ, ಬಿಸಿಲಿನಲ್ಲಿ ನಡೆದುದರಿಂದ, ಕಾದ ಕಲ್ಲಿನ ಮೇಲೆ ಮೂತ್ರ ಮಾಡಿದುದರಿಂದ ಈ ರೋಗವು ಬಂದಿತೆಂದು ಹೇಳುವವರು ಇಂದಿಗೂ ಇದ್ದಾರೆ. ಈ ನಂಬಿಕೆಯು ನಾಚಿಕೆಗೆ ಒಳ್ಳೆಯ ಹೊದಿಕೆ. ಆದರೆ ಎಳನೀರು ಮಜ್ಜಿಗೆಗಳಿಂದ ತಿರುಪಿನ ಜೀವಾಣುವು ಸಾಯದು. ಇದಕ್ಕಿಂತ ಘೋರವಾದದ್ದು ಕನ್ಯೆಯ ಸಂಸರ್ಗದಿಂದ ರೋಗವು ಹೋಗುವದೆಂಬ ಮೂಢನಂಬಿಕೆ. ಅದರಿಂದ ಯಾರ ರೋಗವೂ ಹೋಗಿಲ್ಲ. ಎಳೆಯ ಹುಡುಗಿಯೊಬ್ಬಳ ಬಾಳು ಹಾಳಾಗುವದೊಂದೇ ಅದರ ಫಲ. ಮಗುವಿನಲ್ಲಿ ಹುಟ್ಟಿನಿಂದ ಬಾರದ ಇಂಥ ರೋಗವು ಕಂಡರೆ ಯಾರೋ ಆ ಮಗುವಿಗೆ ಅನ್ಯಾಯ ಮಾಡಿರುವರೆಂದು ಶಂಕಿಸಬೇಕು. ೨೦೧೨ರ ಪೋಕ್ಸೋ ಕಾಯಿದೆಯಂತೆ ಅದನ್ನು ಅಧಿಕಾರಿಗಳಿಗೆ ತಿಳಿಸುವದು ಪ್ರತಿಯೊಬ್ಬರ, ವಿಶೇಷವಾಗಿ ಶಿಕ್ಷಕರ, ಕರ್ತವ್ಯವಾಗಿದೆ.

ಇನ್ನೊಂದು ಬಗೆಯ ಮೋಸವನ್ನು ಹೇಳಲೇಬೇಕು. ಸ್ವಪ್ನದಲ್ಲಿ ವೀರ್ಯ ಹೋಗುವದನ್ನು ಧಾತುನಷ್ಟವೆಂದು ಹೆದರಿಸಿ, ಗೋಡೆಗಳ ಮೇಲೆ ಜಾಹೀರಾತು ಬರೆಯಿಸಿ, ತರುಣರ ಹಣವನ್ನೂ ಧೈರ್ಯವನ್ನೂ ಸುಲಿಯುವವರು ನಮ್ಮ ಬಸ್ಸಿನ ನಿಲ್ದಾಣಗಳಲ್ಲಿ ಕುಳಿತಿದ್ದಾರೆ. ಅದು ರೋಗವೇ ಅಲ್ಲ. ಸ್ತ್ರೀಯರಿಗೆ ಬಿಳಿ ಹೋಗುವದೆಲ್ಲವೂ ಲೈಂಗಿಕ ರೋಗವಲ್ಲ. ಸ್ವಾಭಾವಿಕವಾದ ಸ್ರಾವವೂ ಉಂಟು. ದುರ್ಗಂಧ, ತುರಿಕೆ, ಬಣ್ಣದ ವ್ಯತ್ಯಾಸ, ಹೊಟ್ಟೆನೋವು ಇದ್ದರೆ ಪರೀಕ್ಷೆಯು ಅವಶ್ಯ. ಹೀಗೆ ರೋಗವಿಲ್ಲದವನು ಹೆದರಿ ಮದ್ದು ಕುಡಿಯುವನು. ರೋಗವಿದ್ದವನು ನಾಚಿ ಮದ್ದು ಬಿಡುವನು. ಎರಡಕ್ಕೂ ಅಜ್ಞಾನವೇ ತಾಯಿ.

ದೂಷಣೆಯಿಂದ ಆದ ಕೇಡು

ರೋಗಿಗಳನ್ನು ದೂಷಿಸಿ ಶಿಕ್ಷಿಸಿದರೆ ರೋಗವು ಅಡಗೀತೆಂಬ ವಾದವನ್ನು ಇತಿಹಾಸವು ಪರೀಕ್ಷಿಸಿ ನೋಡಿದೆ. ಇಂಗ್ಲಂಡದಲ್ಲಿ ೧೮೬೪ರಲ್ಲಿಯೂ ಹಿಂದುಸ್ಥಾನದಲ್ಲಿ ೧೮೬೮ರಲ್ಲಿಯೂ ಸಾಂಸರ್ಗಿಕ ರೋಗಗಳ ಕಾಯಿದೆಗಳು ಬಂದವು. ದಂಡಿನ ಊರುಗಳಲ್ಲಿ ವೇಶ್ಯೆಯರ ಹೆಸರು ದಾಖಲುಮಾಡಿ, ಬಲಾತ್ಕಾರದಿಂದ ಅವರ ಮೈ ಪರೀಕ್ಷಿಸಿ, ರೋಗವಿದ್ದವರನ್ನು ಲಾಕ್ ಆಸ್ಪತ್ರೆಯೆಂಬ ದವಾಖಾನೆಯಲ್ಲಿ ಕೂಡಿಹಾಕುವದು ಆ ಕಾಯಿದೆಯ ತಾತ್ಪರ್ಯ. ಅವರ ಬಳಿಗೆ ಹೋಗುವ ಗಂಡಸರಿಗೆ ಆ ಕಾಯಿದೆಯು ಅನ್ವಯಿಸಲಿಲ್ಲ. ಒಂದು ರೋಗ, ಇಬ್ಬರು ರೋಗಿಗಳು. ಒಬ್ಬಳಿಗೆ ಸೆರೆ, ಇನ್ನೊಬ್ಬನಿಗೆ ಬಿಡುಗಡೆ! ಸ್ತ್ರೀಯರು ಅಡಗಿಕೊಂಡರು, ರೋಗವು ಅವರೊಡನೆ ಅಡಗಿತು, ಸಿಪಾಯಿಗಳಲ್ಲಿ ಅದು ನಿರೀಕ್ಷಿಸಿದಂತೆ ಇಳಿಯಲಿಲ್ಲ. ಜೋಸೆಫೀನ್ ಬಟ್ಲರ್ ಎಂಬ ಧೀರ ಸ್ತ್ರೀಯ ಮುಂದಾಳುತನದಲ್ಲಿ ನಡೆದ ಹೋರಾಟದಿಂದ ಇಂಗ್ಲಂಡದ ಕಾಯಿದೆಯು ೧೮೮೬ರಲ್ಲಿ ರದ್ದಾಯಿತು. ೧೮೮೮ರಲ್ಲಿ ನಮ್ಮಲ್ಲಿಯದೂ ರದ್ದಾಯಿತು.

ಇದಕ್ಕಿಂತ ನೀಚವಾದದ್ದು ಅಮೇರಿಕೆಯ ಅಲಬಾಮಾ ಪ್ರಾಂತದ ಟಸ್ಕೀಗಿಯಲ್ಲಿ ನಡೆಯಿತು. ೧೯೩೨ರಿಂದ ಅಲ್ಲಿಯ ಸರಕಾರದ ಆರೋಗ್ಯ ಖಾತೆಯವರು ಬಡ ಕರಿಯರಲ್ಲಿ ೩೯೯ ಮಂದಿ ಸಿಫಿಲಿಸ್ ರೋಗಿಗಳನ್ನೂ ರೋಗವಿಲ್ಲದ ೨೦೧ ಮಂದಿಯನ್ನೂ ಆರಿಸಿ, ರೋಗಿಗಳಿಗೆ ನಿಮ್ಮ ರಕ್ತವು ಕೆಟ್ಟಿದೆಯೆಂದಷ್ಟೇ ಹೇಳಿ, ಉಪಚಾರವಿಲ್ಲದ ರೋಗವು ಹೇಗೆ ನಡೆಯುವದೆಂದು ನೋಡುತ್ತ ಕುಳಿತರು. ಪೆನಿಸಿಲಿನ್ ಬಂದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ನಾಲ್ವತ್ತು ವರುಷ ಸಾಗಿದ ಈ ಕ್ರೌರ್ಯವು ೧೯೭೨ರಲ್ಲಿ ಪತ್ರಿಕೆಗಳಲ್ಲಿ ಬಯಲಾಗಿ ನಿಂತಿತು. ೧೯೯೭ರಲ್ಲಿ ಅಧ್ಯಕ್ಷ ಕ್ಲಿಂಟನ್ನರು ರಾಷ್ಟ್ರದ ಪರವಾಗಿ ಕ್ಷಮೆ ಬೇಡಿದರು. ರೋಗಿಯನ್ನು ಮನುಷ್ಯನೆಂದು ಎಣಿಸದ ವಿದ್ಯೆಯು ಎಷ್ಟು ಕುರುಡಾಗಬಲ್ಲದೆಂಬದಕ್ಕೆ ಬೇರೆ ಸಾಕ್ಷಿ ಬೇಡ. ಸೆರೆಯಲ್ಲಿಟ್ಟವರೂ ಗೆಲ್ಲಲಿಲ್ಲ, ಸುಳ್ಳು ಹೇಳಿದವರೂ ಗೆಲ್ಲಲಿಲ್ಲ. ರೋಗವು ಸೋತದ್ದು ಎಲ್ಲಿ ಎಂದರೆ, ರೋಗಿಯು ಅಂಜದೆ ಬಂದು ಬಾಗಿಲು ತಟ್ಟಿದಲ್ಲಿ.

ನಾವು ಮಾಡಬೇಕಾದುದು

ಹಾಗಾದರೆ ನಮ್ಮ ಕರ್ತವ್ಯವೇನು? ಜನನೇಂದ್ರಿಯದಲ್ಲಿ ಹುಣ್ಣು, ಸ್ರಾವ, ಮೂತ್ರದ ಉರಿ, ತೊಡೆಸಂದಿನ ಬಾವು, ಅಂಗೈ ಅಂಗಾಲುಗಳ ಕಲೆ ಇವುಗಳಲ್ಲಿ ಯಾವದು ಕಂಡರೂ ಅದು ಮಾಯುವದನ್ನು ಕಾಯದೆ ವೈದ್ಯರ ಬಳಿಗೆ ಹೋಗಬೇಕು. ಜಿಲ್ಲೆಯ ಸರಕಾರಿ ದವಾಖಾನೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಹೆಸರಿನಿಂದ ಇದಕ್ಕಾಗಿಯೇ ಏರ್ಪಾಡುಗಳಿವೆ. ಪರೀಕ್ಷೆಗೂ ಮದ್ದಿಗೂ ಹಣವಿಲ್ಲ. ರೋಗಿಯ ಗುಟ್ಟನ್ನು ಕಾಯುವದು ವೈದ್ಯನ ಧರ್ಮ, ಎಚ್.ಐ.ವಿ. ಇದ್ದವರ ವಿಷಯದಲ್ಲಿ ೨೦೧೭ರ ಕಾಯಿದೆಯು ಅದನ್ನು ಕಟ್ಟಳೆಯಾಗಿಯೇ ವಿಧಿಸಿದೆ. ರೋಗವು ಕಂಡವನು ತನ್ನ ಸಂಗಾತಿಗೆ ತಿಳಿಸಿ ಇಬ್ಬರೂ ಕೂಡಿ ಉಪಚಾರ ಪಡೆಯಬೇಕು. ಗುಣವಾಗುವ ವರೆಗೆ ಸಂಸರ್ಗವನ್ನು ಬಿಡಬೇಕು. ಏಕನಿಷ್ಠೆಯು ಒಳ್ಳೆಯ ರಕ್ಷೆ. ಆದರೆ ಇಬ್ಬರೂ ನಿಷ್ಠರಾಗಿದ್ದು ಇಬ್ಬರೂ ನಿರೋಗಿಗಳಾಗಿದ್ದರೆ ಮಾತ್ರ ಅದು ರಕ್ಷೆ. ಅದು ಸಂಶಯವಿರುವಲ್ಲಿ, ನಮ್ಮಲ್ಲಿ ೧೯೬೮ರಿಂದ ನಿರೋಧವೆಂಬ ಹೆಸರಿನಿಂದ ಬಳಕೆಗೆ ಬಂದ ರಬ್ಬರಿನ ಕವಚವನ್ನು ಪ್ರತಿ ಸಲವೂ ಸರಿಯಾಗಿ ಬಳಸುವದು ಸುಲಭವಾದ ಉಪಾಯ. ಅದು ಮುಚ್ಚದ ಭಾಗದ ಹುಣ್ಣಿನಿಂದ ರೋಗವು ದಾಟಬಹುದಾದರೂ ಅಪಾಯವನ್ನು ಬಹಳ ಮಟ್ಟಿಗೆ ತಗ್ಗಿಸುವದು.

ಮನೆಯ ಹಿರಿಯರಿಗೆ ಒಂದು ವಿಜ್ಞಾಪನೆ. ಸೊಸೆಯೋ ಮಗಳೋ ಗರ್ಭಿಣಿಯೆಂದು ತಿಳಿದ ತಿಂಗಳಿನಲ್ಲಿಯೇ ಅವಳ ರಕ್ತವನ್ನು ಸಿಫಿಲಿಸ್, ಎಚ್.ಐ.ವಿ., ಹೆಪಟೈಟಿಸ್ ಬಿ ಇವುಗಳಿಗಾಗಿ ಪರೀಕ್ಷಿಸಲಿ. ಇದರಲ್ಲಿ ಸಂಶಯವೂ ಇಲ್ಲ, ಅಪಮಾನವೂ ಇಲ್ಲ. ಸಕ್ಕರೆಯ ಪರೀಕ್ಷೆಯಂತೆ ಇದೂ ಒಂದು. ಕುಂಕುಮವಿಟ್ಟು ಮಡಿಲು ತುಂಬುವ ಕೈಗಳೇ ಈ ಪರೀಕ್ಷೆಗೂ ಅವಳನ್ನು ಕರೆದುಕೊಂಡು ಹೋಗಲಿ.

ಶಿಕ್ಷಕ ಬಂಧುಗಳೇ, ತಮಗೆ ನನ್ನ ಕೊನೆಯ ಮಾತು. ಹದಿನಾರು ವರುಷದ ಹುಡುಗನು ತನ್ನ ಶರೀರದ ವಿಷಯದಲ್ಲಿ ಕೇಳುವ ಪ್ರಶ್ನೆಗೆ ಶಾಲೆಯು ಉತ್ತರ ಕೊಡದಿದ್ದರೆ ಬಸ್ಸಿನ ನಿಲ್ದಾಣದ ಗೋಡೆಯು ಉತ್ತರ ಕೊಡುವದು. ಯಾವ ಉತ್ತರವು ಅವನ ಕಿವಿಗೆ ಮೊದಲು ಮುಟ್ಟಬೇಕೆಂಬದು ತಮ್ಮ ಕೈಯಲ್ಲಿದೆ. ಅಶ್ಲೀಲತೆಯು ಇರುವದು ಶಬ್ದದಲ್ಲಿ ಅಲ್ಲ, ಅದನ್ನು ಆಡುವ ಭಾವದಲ್ಲಿ. ಸಸ್ಯಶಾಸ್ತ್ರದ ಪಾಠದಲ್ಲಿ ಪರಾಗವನ್ನು ವಿವರಿಸುವ ಅದೇ ಗಂಭೀರವಾದ ಕನ್ನಡದಲ್ಲಿ ಇದನ್ನೂ ವಿವರಿಸಬಹುದು. ನಮ್ಮ ನುಡಿಗೆ ಆ ಬಲವುಂಟು. ೨೦೨೨ರಲ್ಲಿ ಜಗತ್ತಿನಲ್ಲಿ ಸುಮಾರು ೮೦ ಲಕ್ಷ ವಯಸ್ಕರಿಗೆ ಸಿಫಿಲಿಸ್ ಹೊಸದಾಗಿ ತಗಲಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಎಂಬತ್ತು ವರುಷಗಳಿಂದ ಒಂದೇ ಚುಚ್ಚುಮದ್ದಿಗೆ ಸೋಲುತ್ತಿರುವ ರೋಗಕ್ಕೆ ಇಷ್ಟು ಜನರನ್ನು ಒಪ್ಪಿಸಿಕೊಟ್ಟಿರುವದು ನಮ್ಮ ಸಂಕೋಚ. ಮದ್ದನ್ನು ವೈದ್ಯರು ಕೊಡುವರು. ಆ ಮದ್ದಿನ ಬಳಿಗೆ ರೋಗಿಯನ್ನು ಕರೆತರುವ ಮಾತನ್ನು ನಾವು ಕೊಡೋಣ.